ಸಂಜೆಯಾದರೆ ನೆಟ್ ಕುಂಟುತ್ತೆ, ಸ್ಪೀಡ್ ಟೆಸ್ಟ್ ಒಂದೊಂದು ಸಲ ಒಂದೊಂದು ತೋರಿಸುತ್ತೆ: ಎಲ್ಲಿಂದ ಹುಡುಕಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಫೈಬರ್ ಸಂಪರ್ಕ ಇದೆ, ಡೌನ್‌ಲೋಡ್ 200 ಎಂಬಿಪಿಎಸ್, ಅಪ್‌ಲೋಡ್ 20. ರೌಟರ್ ಎರಡು ಬ್ಯಾಂಡಿನದು, 2.4ಕ್ಕೂ 5 ಗಿಗಾಹರ್ಟ್ಸ್‌ಗೂ ಒಂದೇ ಹೆಸರು ಇದೆ. ತೊಂದರೆ ಏನಂದ್ರೆ ಸ್ಪೀಡಿಗೆ ತಲೆಬುಡವೇ ಇಲ್ಲ. ಫೋನಿನಲ್ಲಿ ಒಮ್ಮೆ 150 ಬರುತ್ತೆ, ಅದೇ ಕುರ್ಚಿಯಲ್ಲಿ ಕೂತು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 20. ಸಂಜೆ ಏಳರ ಮೇಲೆ ವಿಡಿಯೋ ಕಾಲ್ ಮಾಡೋ ಹಾಗೇ ಇಲ್ಲ, ಮಾತು ತುಂಡು ತುಂಡಾಗಿ ಕೇಳುತ್ತೆ. ಇದರ ಮೇಲೆ ಆಗಾಗ ವೈಫೈ ಪೂರ್ತಿ ಮಾಯವಾಗಿ, ಒಂದೆರಡು ನಿಮಿಷದಲ್ಲಿ ತಾನಾಗೇ ವಾಪಸ್ ಬರುತ್ತೆ.

ಸಂಪರ್ಕ ಕೊಟ್ಟವರಿಗೆ ಫೋನ್ ಮಾಡಿದರೆ "ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ, ರೌಟರ್ ಆಫ್ ಮಾಡಿ ಆನ್ ಮಾಡಿ" ಅಂತಾರೆ. ಹಾಗೆ ಮಾಡಿದರೆ ಸ್ವಲ್ಪ ಹೊತ್ತು ಸರಿ ಹೋಗೋದೂ ನಿಜ, ಅದೇ ಇನ್ನೂ ಗೊಂದಲ. ಹೊಸ ರೌಟರ್ ತಗೊಳ್ಳೋದೇ ವಾಸಿನಾ?

ಉತ್ತರ

ಈಗಲೇ ದುಡ್ಡು ಹಾಕಬೇಡಿ. ರೌಟರ್ ಬದಲಾಯಿಸಿದ ಮೇಲೂ ಇದೇ ಕಥೆ ಆದರೆ ಆಮೇಲೆ ಯಾರನ್ನ ಕೇಳ್ತೀರ?

ಫೋನಿನಿಂದ ರೌಟರ್‌ವರೆಗೆ ಗಾಳಿಯಲ್ಲಿ ಹೋಗೋದು ಒಂದು ದಾರಿ. ರೌಟರ್‌ನಿಂದ ಹೊರಗೆ ಫೈಬರಿನಲ್ಲಿ ಹೋಗೋದು ಇನ್ನೊಂದು. ಸ್ಪೀಡ್ ಟೆಸ್ಟ್ ಎರಡನ್ನೂ ಸೇರಿಸಿ ಒಂದೇ ಅಂಕಿ ಕೊಡುತ್ತೆ, ಎಲ್ಲಿ ಕೆಟ್ಟಿದೆ ಅಂತ ಹೇಳೋದಿಲ್ಲ. ಆದ್ದರಿಂದ ಮೊದಲು ಎರಡನ್ನೂ ಬೇರೆ ಮಾಡಿ.

ಲ್ಯಾಪ್‌ಟಾಪಿನಲ್ಲಿ ಎರಡು ಕಮಾಂಡ್ ಕಿಟಕಿ ತೆರೆಯಿರಿ. ಒಂದರಲ್ಲಿ ನಿಮ್ಮ ರೌಟರ್ ವಿಳಾಸಕ್ಕೆ ಪಿಂಗ್ (ಪುಟ್ಟ ಸಂದೇಶ ಕಳಿಸಿ ಉತ್ತರ ಬರೋಕೆ ಎಷ್ಟು ಹೊತ್ತು ಅಂತ ಅಳೆಯೋದು) ಹಾಕಿ, ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತೆ. ಇನ್ನೊಂದರಲ್ಲಿ ಹೊರಗಿನ ಸರ್ವರ್‌ಗೆ, 1.1.1.1ಕ್ಕೋ 8.8.8.8ಕ್ಕೋ ಹಾಕಿ. ಎರಡೂ ನಿಲ್ಲದೆ ಓಡುತ್ತಿರಲಿ, ನೀವು ನಿಮ್ಮ ಕೆಲಸ ನೋಡಿಕೊಳ್ಳಿ. ತೊಂದರೆ ಶುರುವಾದ ಕ್ಷಣದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ರೌಟರ್ ಪಿಂಗೇ ಎಗರಾಡಿದರೆ ಗಾಳಿಯ ಸಮಸ್ಯೆ. ರೌಟರ್ ಪಿಂಗ್ 3-4 ಮಿಲಿಸೆಕೆಂಡಿನಲ್ಲೇ ಇದ್ದು ಹೊರಗಿನದು ಮಾತ್ರ ಏರಿದರೆ, ವೈಫೈಯನ್ನ ಬೈದು ಪ್ರಯೋಜನ ಇಲ್ಲ.

ಆಮೇಲೆ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿ, ವೈಫೈ ಆಫ್ ಮಾಡಿ, ವಿಪಿಎನ್ ಇದ್ದರೆ ಅದನ್ನೂ ಆಫ್ ಮಾಡಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಸ್ಪೀಡ್ ನೋಡಿ. ಬಂದ ಅಂಕಿಗಳನ್ನ ಹಾಗೇ ಇಲ್ಲಿ ಹಾಕಿ.

ಮತ್ತೊಬ್ಬರು

ಇಷ್ಟೆಲ್ಲ ಯಾಕೆ ಸರ್? ಚಾನೆಲ್ ಬದಲಾಯಿಸಿ, ಡಿಎನ್‌ಎಸ್ ಬದಲಾಯಿಸಿ, ಮುಗೀತು. ನನಗೆ ಹಾಗೇ ಸರಿ ಹೋಯ್ತು.

ಉತ್ತರ

ಚಾನೆಲ್, ಅಂದರೆ ವೈಫೈ ಬಳಸೋ ರೇಡಿಯೋ ಪಟ್ಟಿಯ ಒಂದು ತುಂಡು, ಕಾರಣ ಇದ್ದರೂ ಇರಬಹುದು, ಇಲ್ಲ ಅನ್ನಲ್ಲ. ಆದರೆ ನಾಲ್ಕು ಸೆಟ್ಟಿಂಗ್ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತಾಗೋದಿಲ್ಲ, ಮುಂದಿನ ಸಲ ಕೆಟ್ಟಾಗ ಮತ್ತೆ ಮೊದಲಿಂದ. ಡಿಎನ್‌ಎಸ್ ಕೆಲಸ ಹೆಸರನ್ನ ವಿಳಾಸವಾಗಿ ಹುಡುಕಿಕೊಡೋದು. ಅದು ನಿಧಾನವಾದರೆ ಪುಟ ತೆರೆಯೋಕೆ ಶುರುವಾಗೋದು ತಡವಾಗುತ್ತೆ. ನಡೆಯುತ್ತಿರೋ ವಿಡಿಯೋ ಕಾಲ್ ಮಧ್ಯದಲ್ಲಿ ತುಂಡಾಗೋದಕ್ಕೆ ಅದು ಕಾರಣ ಅಲ್ಲ.

ಪ್ರಶ್ನೆ ಕೇಳಿದವರು

ನೋಡಿದೆ, ಗೊಂದಲ ಇನ್ನೂ ಜಾಸ್ತಿ ಆಯ್ತು.

ಕೇಬಲ್‌ನಲ್ಲಿ ಯಾವಾಗ ನೋಡಿದರೂ 94. ಬೆಳಿಗ್ಗೆನೂ 94, ರಾತ್ರಿನೂ 94. ಬೆಳಿಗ್ಗೆ ಅದೇ ಲ್ಯಾಪ್‌ಟಾಪಿಗೆ ವೈಫೈನಲ್ಲಿ 160 ಬರ್ತಿದೆ. ತಂತಿಗಿಂತ ಗಾಳಿ ಜೋರಾ?

ಸಂಜೆ ಪಿಂಗ್: ರೌಟರ್‌ಗೆ 3ರಿಂದ 5. ಹೊರಗಿನದು ಬೇರೆ ಹೊತ್ತಲ್ಲಿ 8ರ ಆಸುಪಾಸು ಇರುತ್ತೆ, ಏಳರ ಮೇಲೆ 400, 600 ಹೀಗೆ ಏರಿ ಗಂಟೆಗಟ್ಟಲೆ ಅಲ್ಲೇ ಓಲಾಡುತ್ತೆ. ವೈಫೈ ಮಾಯವಾದಾಗ ಮಾತ್ರ ಎರಡೂ ಕಿಟಕಿಯಲ್ಲಿ ಉತ್ತರವೇ ಬರಲ್ಲ.

ಉತ್ತರ

ಒಳ್ಳೆ ಮಾಹಿತಿ ಕೊಟ್ಟಿದ್ದೀರ. ಇಲ್ಲಿರೋದು ಒಂದು ರೋಗ ಅಲ್ಲ, ಮೂರು. ಎಲ್ಲಾ ಸೇರಿಕೊಂಡು ಒಂದೇ ಥರ ಕಾಣ್ತಿವೆ ಅಷ್ಟೆ.

ಮೊದಲು ಆ 94. ಹೊತ್ತು ಯಾವುದಾದರೂ ಕದಲದೆ 94-95ರಲ್ಲೇ ನಿಂತರೆ ಅದು 100 ಎಂಬಿಪಿಎಸ್ ಈಥರ್ನೆಟ್‌ನ ಹಸ್ತಾಕ್ಷರ. 100ರಲ್ಲಿ ಪ್ಯಾಕೆಟ್ಟುಗಳ (ಡೇಟಾ ಹೋಗೋ ಚಿಕ್ಕ ತುಂಡುಗಳ) ಮೇಲಿನ ವಿಳಾಸ ಇತ್ಯಾದಿಗೆ ಹೋಗೋದನ್ನ ಕಳೆದರೆ ಉಳಿಯೋದು ಅಷ್ಟೇ. ಗಿಗಾಬಿಟ್ ಸಂಪರ್ಕ ಆಗಬೇಕಾದರೆ ಕೇಬಲ್‌ನೊಳಗಿನ ಎಂಟೂ ಎಳೆ, ಅಂದರೆ ನಾಲ್ಕೂ ಜೋಡಿ, ಸರಿ ಇರಬೇಕು. 100ಕ್ಕೆ ಎರಡೇ ಜೋಡಿ ಸಾಕು. ಒಂದು ಎಳೆ ತುಂಡಾದರೂ ಎಷ್ಟೋ ಸಲ ಎರಡೂ ಕಡೆಯವು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ, ಯಾವ ಎಚ್ಚರಿಕೆಯೂ ಬರೋದಿಲ್ಲ. ಲ್ಯಾಪ್‌ಟಾಪಿನ ನೆಟ್‌ವರ್ಕ್ ವಿವರದಲ್ಲಿ ಲಿಂಕ್ ಸ್ಪೀಡ್ ನೋಡಿ, 100 ಅಂತಾನೇ ಇರುತ್ತೆ. ಕನೆಕ್ಟರನ್ನ ಬೆಳಕಿಗೆ ಹಿಡಿದು ನೋಡಿ. ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಗೆ ಎಂಟು ಬಣ್ಣದ ಎಳೆಗಳು ಸಾಲಾಗಿ ತುದಿವರೆಗೂ ಮುಟ್ಟಿರಬೇಕು. ಒಂದು ಗಿಡ್ಡ ನಿಂತಿದ್ದರೂ, ಚಿನ್ನದ ಬಣ್ಣದ ಹಲ್ಲುಗಳಲ್ಲಿ ಒಂದು ಮೇಲೆಯೇ ಉಳಿದಿದ್ದರೂ ಆ ಕೇಬಲ್ ಬಿಸಾಕಿ. ಕೇಬಲ್ ಬದಲಾಯಿಸಿದ ಮೇಲೂ 100 ಅಂತಲೇ ಇದ್ದರೆ ರೌಟರ್ ಅಥವಾ ಲ್ಯಾಪ್‌ಟಾಪಿನ ಪೋರ್ಟೇ 100ರದ್ದು.

ಫೈಬರ್ ಪೆಟ್ಟಿಗೆಯಿಂದ ರೌಟರ್‌ಗೆ ಬರೋ ಕೇಬಲ್ ಮೇಲೆ ಅನುಮಾನ ಬೇಡ. ವೈಫೈನಲ್ಲಿ 160 ಬಂದಿದೆ ಅಂದರೆ ಅದು ಆ ಕೇಬಲ್ ದಾಟಿಯೇ ಬಂದಿದ್ದು.

ಇನ್ನು ಸಂಜೆಯದು. ರೌಟರ್‌ವರೆಗೆ ಚೆನ್ನಾಗಿದೆ, ಅಲ್ಲಿಂದ ಮುಂದಕ್ಕೆ ಅರ್ಧ ಸೆಕೆಂಡ್ ತಡ. ಬೀದಿಯ ಎಲ್ಲರೂ ಒಟ್ಟಿಗೆ ನೋಡೋ ಹೊತ್ತು ಅಂತ ಅನುಮಾನ ಬರೋದು ಸಹಜ, ಫೈಬರ್ ಒಂದೇ ಎಳೆಯನ್ನ ಹಲವು ಮನೆಗಳಿಗೆ ಹಂಚಿರೋದೂ ಹೌದು. ಆದರೆ ಅದು ಕಾರಣ ಆಗಿದ್ದರೆ ಕೇಬಲ್‌ನಲ್ಲೂ ರಾತ್ರಿ ಸ್ಪೀಡ್ ಏರುಪೇರಾಗೋ ಸಾಧ್ಯತೆ ಹೆಚ್ಚು. ನನ್ನ ಅನುಮಾನ ನಿಮ್ಮ ಅಪ್‌ಲೋಡ್ ಮೇಲೆ. ಮನೆಯಲ್ಲಿ ಯಾವುದೋ ಒಂದು ಸಾಧನ ಆ 20 ಎಂಬಿಪಿಎಸ್ ಪೂರ್ತಿ ತಿನ್ನುತ್ತಿದ್ದರೆ, ಹೊರಗೆ ಹೋಗಬೇಕಾದ ಪ್ಯಾಕೆಟ್ಟುಗಳನ್ನ ರೌಟರ್ ಬಿಸಾಡೋ ಬದಲು ತನ್ನ ಬಫರಿನಲ್ಲಿ, ಅಂದರೆ ತಾತ್ಕಾಲಿಕ ಮೆಮೊರಿಯಲ್ಲಿ, ಪೇರಿಸಿಕೊಳ್ಳುತ್ತೆ. ಇಕ್ಕಟ್ಟು ಬಾಗಿಲಲ್ಲಿ ಮೂಟೆ ಹೊತ್ತವರ ಸಾಲು ನಿಂತರೆ ಬರಿಗೈಯವನೂ ಅವರ ಹಿಂದೆಯೇ ಕಾಯಬೇಕಲ್ಲ, ನಿಮ್ಮ ಕಾಲ್‌ನ ಪುಟ್ಟ ಪ್ಯಾಕೆಟ್ಟಿನ ಗತಿ ಅದು. ಇದನ್ನ ಬಫರ್‌ಬ್ಲೋಟ್ ಅಂತಾರೆ. ಡೌನ್‌ಲೋಡ್‌ಗೂ ಇದರ ಏಟು ಬೀಳಬಹುದು, ಯಾಕಂದ್ರೆ "ಸಿಕ್ಕಿತು, ಮುಂದಿನದು ಕಳಿಸು" ಅನ್ನೋ ಮರುಸಂದೇಶ ಅದೇ ಅಪ್‌ಲೋಡ್ ಸಾಲಲ್ಲಿ ಸಿಕ್ಕಿಹಾಕಿಕೊಂಡಿರುತ್ತೆ. ರೌಟರ್ ಆಫ್ ಮಾಡಿದಾಗ ಆ ಸಾಲು ಖಾಲಿಯಾಗುತ್ತೆ, ಅಪ್‌ಲೋಡ್ ಮತ್ತೆ ವೇಗ ಹಿಡಿಯೋವರೆಗೆ ನಿಮಗೆ ಸರಿ ಹೋದ ಹಾಗೆ ಕಾಣುತ್ತೆ.

ಖಾತ್ರಿ ಮಾಡಿಕೊಳ್ಳೋದು ಸುಲಭ. ಬೆಳಿಗ್ಗೆ ಪಿಂಗ್ ಚೆನ್ನಾಗಿರೋವಾಗ ಬೇಕಂತಲೇ ಒಂದು ದೊಡ್ಡ ವಿಡಿಯೋ ಅಪ್‌ಲೋಡ್‌ಗೆ ಹಾಕಿ. ಪಿಂಗ್ 8ರಿಂದ ನೂರಾರಕ್ಕೆ ಹಾರಿದರೆ ಕಳ್ಳ ಸಿಕ್ಕ ಹಾಗೆ. ಆಮೇಲೆ ಸಂಜೆ ಯಾರು ಅಪ್‌ಲೋಡ್ ಮಾಡ್ತಿದಾರೆ ಅಂತ ಹುಡುಕಿ: ಚಾರ್ಜಿಗೆ ಹಾಕಿದ ಫೋನಿನ ಫೋಟೋ ಬ್ಯಾಕಪ್, ಕ್ಲೌಡ್‌ಗೆ ಕಳಿಸೋ ಕ್ಯಾಮೆರಾ, ಲ್ಯಾಪ್‌ಟಾಪಿನ ಫೈಲ್ ಸಿಂಕ್, ಸಾಮಾನ್ಯವಾಗಿ ಈ ಮೂವರಲ್ಲಿ ಒಬ್ಬರು.

ಪ್ರಶ್ನೆ ಕೇಳಿದವರು

ಸಿಕ್ಕಿತು! ಮನೆಯವರು ಕೆಲಸದಿಂದ ಬಂದು ಫೋನ್ ಚಾರ್ಜಿಗೆ ಹಾಕೋದು ಏಳಕ್ಕೆ. ವೈಫೈ ಮತ್ತೆ ಚಾರ್ಜ್ ಎರಡೂ ಇದ್ದಾಗ ಬ್ಯಾಕಪ್ ಆಗಲಿ ಅಂತ ಸೆಟ್ಟಿಂಗ್ ಇದೆ, ಅವರು ತೆಗೆಯೋದು ಬರೀ 4ಕೆ ವಿಡಿಯೋ. ಅದನ್ನ ನಿಲ್ಲಿಸಿದ ತಕ್ಷಣ ಪಿಂಗ್ 10ಕ್ಕೆ ಇಳೀತು. ಬೇರೆ ಕೇಬಲ್ ಹಾಕಿದೆ, ಈಗ ತಂತಿಯಲ್ಲಿ 190ರ ಮೇಲೆ.

ಆದರೆ ಬ್ಯಾಕಪ್ ಬೇಡ ಅಂತ ಮನೆಯಲ್ಲಿ ಹೇಳೋ ಧೈರ್ಯ ನನಗಿಲ್ಲ. ಬೇರೆ ದಾರಿ ಇದೆಯಾ?

ಉತ್ತರ

ಇದೆ, ಹೇಳೋದೂ ಬೇಡ. ರೌಟರ್ ಸೆಟ್ಟಿಂಗಿನಲ್ಲಿ ಎಸ್‌ಕ್ಯೂಎಂ (ಆ ಸಾಲು ಉದ್ದವಾಗದಂತೆ ನೋಡಿಕೊಳ್ಳೋ ಸೌಲಭ್ಯ) ಅಂತ ಇದೆಯಾ ನೋಡಿ. ಇದ್ದರೆ ಅಪ್‌ಲೋಡ್ ಮಿತಿಯನ್ನ ನಿಜವಾದ ವೇಗದ ಶೇ. 85-90ಕ್ಕೆ, ನಿಮಗೆ 17-18ಕ್ಕೆ, ಇಡಿ. ಸಾಲು ನಿಭಾಯಿಸೋ ವಿಧಾನಗಳಲ್ಲಿ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಆಯ್ಕೆ ಮಾಡಿ. ಎಫ್‌ಕ್ಯೂ-ಕೋಡೆಲ್ 2018ರಲ್ಲೇ ಆರ್‌ಎಫ್‌ಸಿ 8290 ಅನ್ನೋ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಬಂದಿದೆ, ಲಿನಕ್ಸ್‌ನಲ್ಲಿ ಅದಕ್ಕಿಂತ ಮೊದಲಿಂದಲೂ ಇದೆ. ಆದರೂ ಸಂಪರ್ಕದ ಜೊತೆ ಕೊಡೋ ಎಷ್ಟೋ ರೌಟರುಗಳಲ್ಲಿ ಈ ಆಯ್ಕೆ ಕಾಣೋದಿಲ್ಲ, ಬೇಸರ ಬರುತ್ತೆ. ಬರೀ ಕ್ಯೂಓಎಸ್ (ಯಾರಿಗೆ ಎಷ್ಟು ವೇಗ ಅಂತ ಹಂಚೋ ಆಯ್ಕೆ) ಅಂತಿದ್ದರೆ ಆ ಒಂದು ಫೋನಿಗೆ ಅಪ್‌ಲೋಡ್ ಮಿತಿ 10 ಅಂತ ಹಾಕಿ. ಬ್ಯಾಕಪ್ ಮಧ್ಯರಾತ್ರಿವರೆಗೂ ನಡೆಯಲಿ, ಯಾರಿಗೂ ಗೊತ್ತಾಗಲ್ಲ.

ಮೂರನೇದಕ್ಕೆ ಬರೋಣ. ವೈಫೈ ಮಾಯವಾದಾಗ 5 ಗಿಗಾಹರ್ಟ್ಸ್ ಯಾವ ಚಾನೆಲ್‌ನಲ್ಲಿತ್ತು, ಎಷ್ಟು ಅಗಲ (ಅದು ಆವರಿಸೋ ರೇಡಿಯೋ ಜಾಗ) ಇತ್ತು?

ಪ್ರಶ್ನೆ ಕೇಳಿದವರು

ಆಟೋ ಇದೆ. ಈಗ ತೋರಿಸ್ತಿರೋದು ಚಾನೆಲ್ 100, ಅಗಲ 160 ಮೆಗಾಹರ್ಟ್ಸ್.

ಉತ್ತರ

ಅಲ್ಲೇ ಇದೆ ನೋಡಿ. 5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನ ಹೆಚ್ಚಿನ ಕಡೆ ರಡಾರ್ ಜೊತೆ ಹಂಚಿಕೊಂಡಿದ್ದಾರೆ. ರಡಾರ್‌ದಂತೆ ಕಾಣೋ ಸಿಗ್ನಲ್ ಕೇಳಿಸಿದರೆ ರೌಟರ್ ಆ ಚಾನೆಲ್ ಖಾಲಿ ಮಾಡಲೇಬೇಕು, ಅದು ನಿಯಮ. ಹೊಸದಾಗಿ ಹೋಗೋ ಚಾನೆಲ್ ಕೂಡ ಇದೇ ಗುಂಪಿನದಾದರೆ, ಪ್ರಸಾರ ಶುರು ಮಾಡೋ ಮೊದಲು ಕನಿಷ್ಠ 60 ಸೆಕೆಂಡ್ ಸುಮ್ಮನೆ ಕಿವಿಗೊಟ್ಟು ಕೂರಬೇಕು. ನಿಮ್ಮ "ಒಂದೆರಡು ನಿಮಿಷ" ಅದೇ ಅಂತ ನನ್ನ ಲೆಕ್ಕ. ಕೆಲವು ರೌಟರುಗಳು ಸುಳ್ಳು ಸಿಗ್ನಲ್‌ಗೂ ಬೆಚ್ಚಿಬೀಳುತ್ತವೆ.

ಚಾನೆಲ್ 36ರಿಂದ 48ರೊಳಗೆ ಒಂದು ಇಡಿ. ಅಷ್ಟೇ ಸಾಲದು, ಅಗಲವನ್ನ 80ಕ್ಕೆ ಇಳಿಸಿ. 36ರಲ್ಲಿಟ್ಟು 160 ಅಗಲ ಬಿಟ್ಟರೆ ಅದು 64ರವರೆಗೂ ಚಾಚುತ್ತೆ, ಮತ್ತೆ ರಡಾರ್ ಜಾಗಕ್ಕೇ ಕಾಲಿಟ್ಟ ಹಾಗೆ. 200ರ ಪ್ಲ್ಯಾನಿಗೆ 80 ಧಾರಾಳ.

ಒಂದೇ ಕುರ್ಚಿಯಲ್ಲಿ 150, ಆಮೇಲೆ 20 ಆಗೋದಕ್ಕೂ ಇದು ಸೇರಿಕೊಳ್ಳುತ್ತೆ. 5 ಮಾಯವಾದಾಗ ಫೋನ್ ಅದೇ ಹೆಸರಿನ 2.4ಕ್ಕೆ ಜಾರಿ, 5 ವಾಪಸ್ ಬಂದರೂ ಅಲ್ಲೇ ಅಂಟಿಕೊಂಡಿರುತ್ತೆ. ಸದ್ಯಕ್ಕೆ ಎರಡಕ್ಕೂ ಬೇರೆ ಬೇರೆ ಹೆಸರು ಇಡಿ. 2.4ರಲ್ಲಿ ಅಗಲ 20, ಚಾನೆಲ್ 1, 6, 11ರಲ್ಲಿ ಒಂದು. ಇವು ಮೂರು ಮಾತ್ರ ಒಂದರ ಮೇಲೊಂದು ಬೀಳೋದಿಲ್ಲ. 3 ಅಥವಾ 8 ಖಾಲಿ ಕಾಣುತ್ತೆ ಅಂತ ಅಲ್ಲಿ ಇಟ್ಟರೆ ಎರಡೂ ಕಡೆಯವರ ಗಲಾಟೆ ನಿಮಗೆ.

ಮತ್ತೊಬ್ಬರು

ಮೊದಲೇ ಹೇಳಿದ್ನಲ್ಲ ಸರ್, ಚಾನೆಲ್ ಬದಲಾಯಿಸಿ ಅಂತ!

ಉತ್ತರ

ಸರಿ, ಮೂರರಲ್ಲಿ ಒಂದು ನಿಮ್ಮ ಲೆಕ್ಕಕ್ಕೇ ಹೋಗಲಿ. ಡಿಎನ್‌ಎಸ್ ಮಾತ್ರ ಬಿಟ್ಟುಕೊಡಲ್ಲ.

ಪ್ರಶ್ನೆ ಕೇಳಿದವರು

ಚಾನೆಲ್ 44, ಅಗಲ 80 ಇಟ್ಟ ಮೇಲೆ ಮಾಯವಾಗೋದು ನಿಂತಿದೆ. ಹಿಂದಿನ ಕೋಣೆಯದೊಂದು ಉಳಿದಿದೆ. ಅಲ್ಲಿ 5 ಸಿಗೋದೇ ಇಲ್ಲ, 2.4ರ ಸಿಗ್ನಲ್ ಮೈನಸ್ 78 ಡಿಬಿಎಂ ಅಂತ ಬರುತ್ತೆ. ರೌಟರ್ ಹಿಂದಿನ ಯುಎಸ್‌ಬಿಗೆ ಹಾರ್ಡ್ ಡಿಸ್ಕ್ ಹಾಕಿದ್ದೀನಿ, ಅದರಲ್ಲಿ ಸಿನಿಮಾ ಓಡೋವಾಗ ಇನ್ನೂ ಹದಗೆಡುತ್ತೆ. ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸೋ ರಿಪೀಟರ್ ಹಾಕಲಾ?

ಉತ್ತರ

ಹಾರ್ಡ್ ಡಿಸ್ಕ್ ಯುಎಸ್‌ಬಿ 3 ಆಗಿದ್ದರೆ ಅದೂ ಒಬ್ಬ ಆರೋಪಿ. ಯುಎಸ್‌ಬಿ 3 ಹೊಮ್ಮಿಸೋ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಮೇಲೇ ಬೀಳುತ್ತೆ, ಇಂಟೆಲ್ 2012ರಲ್ಲೇ ಅಳೆದು ಪ್ರಕಟಿಸಿದೆ. ರೌಟರ್ ಸೆಟ್ಟಿಂಗಿನಲ್ಲಿ ಆ ಪೋರ್ಟನ್ನ ಯುಎಸ್‌ಬಿ 2ಕ್ಕೆ ಇಳಿಸೋ ಆಯ್ಕೆ ಇದ್ದರೆ ಇಳಿಸಿ, ಸಿನಿಮಾ ನೋಡೋಕೆ ಅಷ್ಟು ಸಾಕು. ಇಲ್ಲದಿದ್ದರೆ ಒಳ್ಳೆ ಕವಚ ಇರೋ ಉದ್ದನೆ ಕೇಬಲ್ ಹಾಕಿ ಡಿಸ್ಕನ್ನ ಆಂಟೆನಾದಿಂದ ದೂರ ಇಡಿ.

ಮೈನಸ್ 78 ಆದರೂ ಬಡಕಲು ಸಿಗ್ನಲ್ಲೇ, ಈ ಅಂಕಿ ಸೊನ್ನೆಗೆ ಹತ್ತಿರ ಆದಷ್ಟೂ ಜೋರು. ವಿಡಿಯೋ ಕಾಲ್‌ಗೆ ಮೈನಸ್ 67 ಅಥವಾ ಅದಕ್ಕಿಂತ ಚೆನ್ನಾಗಿ ಇರಬೇಕು. ಆ ಕೋಣೆಯಲ್ಲೇ ಅಗ್ಗದ ರಿಪೀಟರ್ ಇಟ್ಟರೆ ಅದಕ್ಕೆ ಸಿಗೋದೂ ಮೈನಸ್ 78ರ ಸಿಗ್ನಲ್ಲೇ, ಜೊತೆಗೆ ಒಂದೇ ರೇಡಿಯೋದಲ್ಲಿ ಕೇಳಿ ಮತ್ತೆ ಹೇಳಬೇಕಾದ್ದರಿಂದ ವೇಗ ಅರ್ಧ. ಕೇಬಲ್ ಎಳೆಯೋಕಾದರೆ ಎಳೆದು, ಆ ತುದಿಗೆ ಹಳೆ ರೌಟರ್ ಇದ್ದರೆ ಅದನ್ನೇ ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ತಂತಿಯಲ್ಲಿ ಬಂದದ್ದನ್ನ ವೈಫೈ ಆಗಿ ಹಂಚೋದಷ್ಟೇ ಕೆಲಸ) ಹಾಕಿಬಿಡಿ.

ಪ್ರಶ್ನೆ ಕೇಳಿದವರು

ಹಳೆ ರೌಟರ್ ಅಟ್ಟದ ಮೇಲೆ ಇದೆ. ಕೇಬಲ್ ಕ್ಯಾಟ್ 5ಇ ಸಾಕಾ, 6 ಬೇಕಾ?

ಉತ್ತರ

5ಇ ಸಾಕು, 100 ಮೀಟರ್‌ವರೆಗೂ ಗಿಗಾಬಿಟ್ ಹೋಗುತ್ತೆ. ಒಳಗಿನ ಎಳೆ ಪೂರ್ತಿ ತಾಮ್ರದ್ದಾಗಿರಲಿ, ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಸಿಸಿಎ ಬೇಡ, ಮಡಚಿದ ಕಡೆ ಬೇಗ ಮುರಿಯುತ್ತೆ. ಹಳೆ ರೌಟರಿನ ಪೋರ್ಟು 100ರದ್ದಾ ಗಿಗಾಬಿಟ್ಟಾ ನೋಡಿಕೊಳ್ಳಿ, ಇಲ್ಲಾಂದ್ರೆ ಆ ಕೋಣೆಯಲ್ಲಿ ಮತ್ತೆ 94ರ ಆಸುಪಾಸಿಗೇ ನಿಲ್ಲುತ್ತೆ.