ತಮ್ಮನ ಮೊಣಕಾಲಿಗೆ ಪಾಲಿಸ್ಟರ್ ದಾರದ ಲಿಗಮೆಂಟ್ ಹಾಕಿಸ್ಬೋದಾ?

ಮಗ್ಗದಮನಿ_ಭಾಗ್ಯನಗರ:

ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಕೊಪ್ಪಳ ಬಾಜೂಕ ಭಾಗ್ಯನಗರ. ನಮ್ಮ ತಮ್ಮಗ 22 ವರ್ಷ, ಕಬಡ್ಡಿ ಆಡ್ತಾನ. ಜಾತ್ರಿ ಟೂರ್ನಮೆಂಟ್‌ನಾಗ ರೈಡ್ ಹೋದಾಂವ ಕಾಲು ಊರಿ ಹೊಳ್ಳಿದ್ದ ಅಷ್ಟ, ಟಪ್ ಅಂತ ಸಪ್ಪಳಾತು, ಸಂಜಿಗೆ ಮೊಣಕಾಲು ಕುಂಬಳಕಾಯಿ ಆಗಿತ್ತು. ನರ ಉಳಕೈತಿ ಅಂತ ಎಣ್ಣಿ ತಿಕ್ಕಿಸಿ ಹದಿನೈದು ದಿನ ಕಳದ್ವಿ, ತಪ್ಪ ಆತು, ಆಮ್ಯಾಲೆ ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡ್ಸಿದ್ರ ಎಸಿಎಲ್, ಅಂದ್ರ ಮೊಣಕಾಲಿನ ಒಳಗಿನ ಲಿಗಮೆಂಟ್, ಪೂರ್ತಿ ಹರದೈತಿ ಅಂದ್ರು. ತೊಡಿ ಹಿಂದಿನ ನರ ತಗದು ಅಲ್ಲಿ ಕೂಡ್ಸೂಣು ಅಂತಾರ ಡಾಕ್ಟ್ರು. ನಮ್ಮಪ್ಪ ನಲ್ವತ್ತು ವರ್ಷ ಮಗ್ಗದಾಗ ಕುಂತಾವ್ರು, "ಒಂದ್ ಕಡೆ ಹರದೈತಂತ ಇನ್ನೊಂದ್ ಕಡೆ ಯಾಕ ಕೊಯ್ಯಬೇಕು, ದಾರದ್ದ ಬರ್ತೈತಂತಲ್ಲ, ಅದನ್ನ ಹಾಕ್ಸು" ಅಂತ ಹಟ ಹಿಡದಾರ. ದಾರದ ಲಿಗಮೆಂಟ್ ಅನ್ನೂದು ಖರೇನ ಐತೇನು? ಗೊತ್ತಿದ್ದಾವ್ರು ಹೇಳ್ರಿ.

ಫಿಸಿಯೋ_ರಾಯಚೂರು:

ಮೊದಲ ಒಂದ್ ಮಾತು, ಅದು ನರ ಅಲ್ರಿ. ನರ ಬ್ಯಾರೆ, ಹರದ ಲಿಗಮೆಂಟ್ ಅಂದ್ರ ಎಲುಬಿಗೆ ಎಲುಬು ಕಟ್ಟಿದ ಹಗ್ಗ. ನಿಮ್ಮ ಡಾಕ್ಟ್ರು ತಗೀತೀನಿ ಅಂದದ್ದು ತೊಡಿ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿನ ತುದಿ, ಟೆಂಡನ್. ಅದನ್ನ ನಾಕು ಮಡಿಕಿ ಮಾಡಿದ್ರ ಸುಮಾರು 8 ಮಿಲಿಮೀಟರ್ ದಪ್ಪ ಬರ್ತದ, ತೊಡಿ ಎಲುಬಿಗೆ ಒಂದು, ಕೆಳಗಿನ ಎಲುಬಿಗೆ ಒಂದು ತೂತು ಹೊಡದು ಅದರಾಗ ಹಾಯ್ಸಿ ಬಿಗೀತಾರ.

ದಾರದ್ದು ಖರೇನ ಅದ. ಲಾರ್ಸ್ ಅಂತಾರ, 1985ರ ಸುಮಾರಿಗೆ ಫ್ರಾನ್ಸ್‌ನಾಗ ಬಂದದ್ದು, ಪಿಇಟಿ ಅಂದ್ರ ಪಾಲಿಸ್ಟರ್ರೇ. ಅದಕ್ಕೂ ಮೊದಲ ಕಾರ್ಬನ್ ಎಳಿ ಹಾಕಿ ನೋಡ್ಯಾರ, ಅದು ಒಳಗ ಪುಡಿಪುಡಿ ಆಗಿ ಕೀಲು ಕರ್ರಗಾತು. ಗೋರ್‌ಟೆಕ್ಸ್ ಲಿಗಮೆಂಟ್ ಹಾಕಿದ್ರು, ಡೇಕ್ರಾನ್ ಅನ್ನೂ ಪಾಲಿಸ್ಟರ್ ದಾರದ್ದು ಹಾಕಿದ್ರು, ಮೊದಮೊದಲು ಪೇಷಂಟ್ ಆರಾಮ ಓಡಾಡ್ತಿದ್ರು, ಕೆಲವು ವರ್ಷಕ್ಕ ಹರಿಯೂದು, ಸವದ ಪುಡಿಗೆ ಮೊಣಕಾಲು ಬಾಯೂದು ಸುರು ಆತು, 1990ರ ದಶಕದಾಗ ಬಹಳ ಮಂದಿ ಕೈ ಬಿಟ್ರು. ದಾರ ಅಶಕ್ತ ಅಂತಲ್ಲ ಮತ್ತ. ಹರೇದ ಹುಡುಗನ ಎಸಿಎಲ್ ಸುಮಾರು 2,100 ನ್ಯೂಟನ್ ತಡಕೊಳ್ತದ, ಅಂದ್ರ ಎರಡು ಕ್ವಿಂಟಲ್ ಮ್ಯಾಲ ಜೋತು ಬಿಟ್ಟಂಗ. ಪಾಲಿಸ್ಟರ್ ಅಷ್ಟು ಎಳತ ಆರಾಮ ತಡೀತದ. ಆದ್ರ ಒಂದೊಂದು ಕಾಲೂ ವರ್ಷಕ್ಕ ಏನಿಲ್ಲಂದ್ರೂ 10 ಲಕ್ಷ ಹೆಜ್ಜಿ ಇಡ್ತದ, ಪ್ರತಿ ಹೆಜ್ಜಿಗೂ ದಾರ ಆ ತೂತಿನ ಅಂಚಿಗೆ ತಿಕ್ತದ. ಸತ್ತ ದಾರ ಸವದಷ್ಟು ಸವೀತದ, ತಿರುಗಿ ಬೆಳ್ಯಾಂಗಿಲ್ಲ.

ಮಗ್ಗದಮನಿ_ಭಾಗ್ಯನಗರ:

ನೀವು ಬರದದ್ದು ಓದಿ ಹೇಳಿದೆ ಸರ್. ಅಪ್ಪ ಅಂದ್ರು, ಮಗ್ಗದ ಹಣಿಗಿ ತಿಕ್ಕಿ ಎಳಿ ಹರೀತಾವಲ್ಲ ಅದ ಕಥಿ ಹೌದಿಲ್ಲೋ ಅಂತ. ಆದ್ರ ಬಿಡವಲ್ರು, ಅದನ್ನ ನೇಯ್ತಾರೋ ಹೆಣೀತಾರೋ ಕೇಳು ಅಂತಾರ 😅

ಜೀನ್ಸ್_ಮಾಸ್ಟರ್_ಬಳ್ಳಾರಿ:

ಗುರೂ ನಾನು ಕೌಲಬಜಾರ್‌ನಾಗೆ ಕಟಿಂಗ್ ಕೆಲ್ಸ ಮಾಡೋನು, ಡಾಕ್ಟ್ರಲ್ಲ. ಆದ್ರೆ ದಾರ ಸವಿಯೋದು ಗೊತ್ತೈತೆ. ಜೀನ್ಸ್ ವಾಶಿಂಗಿಗೆ ಹಾಕಿ ತೆಗುದ್ಮೇಲೆ ನೋಡು, ಬಟ್ಟೆ ನಡುವೆ ಏನೂ ಆಗಿರಲ್ಲ, ಜೇಬಿನ ಮೂಲೆ, ಬೆಲ್ಟ್ ಲೂಪು, ಕಾಲ ತುದಿ ಮಡಚಿರೋ ಅಂಚು, ಅಲ್ಲೇ ಮೊದ್ಲು ಬೆಳ್ಳಗಾಗಿ ನಾರು ಎದ್ದಿರುತ್ತೆ. ಫಿಸಿಯೋ ಸರ್ ಹೇಳೋ ತೂತಿನ ಅಂಚೂ ಹಂಗೇ ಅನ್ಸುತ್ತೆ.

ಹಂಗೇ ನಂದೊಂದು ಡೌಟು, ಬೇರೆ ಥ್ರೆಡ್ ಮಾಡೋಕೆ ಬರಲ್ಲ. ಸಿಂಧನೂರಲ್ಲಿ ನಮ್ ಮಾವಂಗೆ 2021ರಲ್ಲಿ ಕೊರೋನಾ ಆದ್ಮೇಲೆ ಬ್ಲ್ಯಾಕ್ ಫಂಗಸ್ ಬಂದು ಮೇಲ್ದವಡೆ ಅರ್ಧ ತೆಗುದ್ರು. ಗಂಜಿ ಕುಡುದ್ರೆ ಮೂಗಲ್ಲಿ ಬರುತ್ತೆ, ಮಾತು ತಿಳಿಯಲ್ಲ, ಮದ್ವೆ ಮನೆಗೆ ಕರುದ್ರೂ ಬರಲ್ಲ. ಈಗ ಅವ್ರ ಮುಖದ ಅಳತೆಗೇ ಟೈಟಾನಿಯಂ ಎಲುಬು ಮಾಡಿ ಕೂರಿಸ್ತೀವಿ ಅಂತಿದಾರೆ. ದಾರಾನೇ ಸವೀತೈತೆ ಅಂದ್ಮೇಲೆ ಇದು ಉಳೀತೈತಾ?

ತೋರಣಗಲ್ಲು_ಡಿಸೈನರ್:

ನಾನು ತೋರಣಗಲ್ಲಿನೋನು, ಈಗ ಬೆಂಗಳೂರಲ್ಲಿ ಇದೇ ಕೆಲ್ಸ, ಪೇಷಂಟ್ ಅಳತೆಗೆ ಇಂಪ್ಲಾಂಟ್ ಡಿಸೈನು. ಇಬ್ರಿಗೂ ಹೇಳ್ತೀನಿ.

ಮೊದ್ಲು ಅಪ್ಪಾಜಿಗೆ. ಲಾರ್ಸ್‌ನಲ್ಲಿ ಎರಡು ಥರದ ಭಾಗ ಐತೆ. ಎಲುಬಿನ ತೂತೊಳಗೆ ಹೋಗೋ ಭಾಗದಲ್ಲಿ ಉದ್ದ ಎಳೆಗಳನ್ನ ಅಡ್ಡ ಹೆಣೆದು ಕಟ್ಟಿರ್ತಾರೆ. ಕೀಲಿನ ನಡುವೆ ಬರೋ ಭಾಗದಲ್ಲಿ ಹೊಕ್ಕೇ (ಅಡ್ಡ ಎಳೆ) ಇಲ್ಲ, ಬರೀ ಹಾಸು, ಬಿಡಿಬಿಡಿ ಉದ್ದ ಎಳೆ, ಅದೂ 90 ಡಿಗ್ರಿ ತಿರುಚಿರ್ತೈತೆ. ಯಾಕಂದ್ರೆ ಕಾಲು ಮಡಚಿದಾಗ ನಿಜವಾದ ಎಸಿಎಲ್ಲೂ ತಿರುಚ್ಕೊಳ್ಳುತ್ತೆ, ಹೊಕ್ಕು ಇದ್ರೆ ಎಳೆಗೆ ಎಳೆ ಅಡ್ಡ ತಿಕ್ಕಿ ಹರಿಯುತ್ತೆ. ಇನ್ನೊಂದು, ನೂಲು ತೆಗೆಯುವಾಗ ಹಚ್ಚಿದ ಎಣ್ಣೆ ಒಂಚೂರೂ ಉಳಿಯದಂಗೆ ತೊಳೀತಾರೆ, ಉಳಿದ್ರೆ ಮಾಂಸ ಎಳೆ ನಡುವೆ ಬೆಳೆಯಲ್ಲ. ಇಷ್ಟೆಲ್ಲಾ ಮಾಡಿದ್ರೂ ಎಸಿಎಲ್‌ಗೆ ಇದು ಬಹಳ ಸರ್ಜನ್‌ಗಳ ಮೊದಲ ಆಯ್ಕೆ ಅಲ್ಲ.

ಈಗ ನಿಮ್ ಮಾವಂದು. ದವಡೆ ಮೊಣಕಾಲಿನ ಥರ ಅಲ್ಲ ಅಣ್ಣ, ಅಲ್ಲಿ ಇಂಪ್ಲಾಂಟು ಮಡಚಲ್ಲ, ಎಲುಬಿಗೆ ಕಚ್ಕೊಂಡು ಅಲ್ಲಾಡದಂಗೆ ಕೂತ್ರೆ ಸಾಕು. ಟೈಟಾನಿಯಂಗೆ ಎಲುಬು ಅಂಟಿ ಬೆಳೆಯುತ್ತೆ. ಸ್ವೀಡನ್ನಿನ ವಿಜ್ಞಾನಿ ಬ್ರಾನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿಗೆ ಹಾಕಿದ್ದ ಟೈಟಾನಿಯಂ ಪೀಸು ಕೀಳೋಕೆ ಹೋದ್ರೆ ಬರ್ಲೇ ಇಲ್ಲ, ಎಲುಬು ಹಿಡ್ಕೊಂಬಿಟ್ಟಿತ್ತು, 1965ರಲ್ಲಿ ಅದನ್ನೇ ಮನುಷ್ಯನ ಹಲ್ಲಿಗೆ ತಂದ. ಕಷ್ಟ ಇರೋದು ಬೇರೆ ಕಡೆ. ಟೈಟಾನಿಯಂ ಮಿಶ್ರಲೋಹ ಎಲುಬಿಗಿಂತ ಐದಾರು ಪಟ್ಟು ಬಿರುಸು, ಬಿರುಸಿನ ಅಳತೆಯಲ್ಲಿ ಎಲುಬು 20 ಗಿಗಾಪಾಸ್ಕಲ್ ಒಳಗೆ, ಇದು 110. ತೊಡೆ ಸೊಂಟದ ಥರ ಭಾರ ಬೀಳೋ ಜಾಗದಲ್ಲಿ ಭಾರವೆಲ್ಲಾ ಲೋಹಾನೇ ಹೊತ್ಕೊಂಡ್ರೆ ಪಕ್ಕದ ಎಲುಬು ಕೆಲ್ಸ ಇಲ್ದೆ ಸೊರಗುತ್ತೆ. ಅದಕ್ಕೇ ಜಾಲರಿ ಥರ ಪ್ರಿಂಟ್ ಮಾಡೋದು, ಅರ್ಧ ಮಿಲಿಮೀಟರ್ ಆಸುಪಾಸಿನ ರಂಧ್ರ, ಬಿರುಸೂ ಇಳಿಯುತ್ತೆ, ಎಲುಬೂ ಒಳಗೆ ನುಗ್ಗುತ್ತೆ.

ಮಾಡೋದು ಹೆಂಗಂದ್ರೆ ಸಿಟಿ ಸ್ಕ್ಯಾನು 1 ಮಿಲಿಮೀಟರ್‌ಗಿಂತ ತೆಳು ಸ್ಲೈಸಲ್ಲಿ ಬೇಕು, ಅದ್ರಿಂದ ತಲೆಬುರುಡೆ ಕಂಪ್ಯೂಟರಲ್ಲಿ ಎಬ್ಬಿಸ್ತೀವಿ, ಚೆನ್ನಾಗಿರೋ ಕಡೆಯದನ್ನ ಕನ್ನಡಿ ಹಿಡಿದಂಗೆ ತಿರುಗಿಸಿ ಹೋದ ಕಡೆಗೆ ಇಡ್ತೀವಿ, ಕೆನ್ನೆ ಎಲುಬು ಎಲ್ಲಿ ದಪ್ಪ ಐತೆ ನೋಡಿ ಅಲ್ಲಿಗೇ ಸ್ಕ್ರೂ. ಸರ್ಜನ್ ಓಕೆ ಅಂದ್ಮೇಲೆ ಟೈಟಾನಿಯಂ ಪುಡಿಗೆ ಲೇಸರ್ ಬಿಟ್ಟು ಪದರ ಪದರ ಕರಗಿಸಿ ಎಬ್ಬಿಸೋದು. ಪ್ರಿಂಟ್ ಆಗಿದ್ದೇ ಮುಗೀತು ಅಂತಲ್ಲ, ರಂಧ್ರದಲ್ಲಿ ಸಿಕ್ಕ ಪುಡಿ ಪೂರ್ತಿ ಉದುರಿಸಬೇಕು, ಕಾಯಿಸಿ ಬಿಗಿತ ತೆಗೀಬೇಕು, ತುಟಿ ಕೆನ್ನೆ ತಾಗೋ ಕಡೆ ನುಣುಪು ಮಾಡ್ಬೇಕು.

ನಾನು ಹೊಸದ್ರಲ್ಲಿ ಒಂದು ದವಡೆ ಮಾಡಿದ್ದೆ, ಕಂಪ್ಯೂಟರಲ್ಲಿ ಕೂದಲೆಳೆ ಸಂದಿಲ್ದಂಗೆ ಕೂತಿತ್ತು. ಓಟಿಯಲ್ಲಿ ಕೂರಲೇ ಇಲ್ಲ. ಕೊಟ್ಟಿದ್ದ ಸಿಟಿ ಮೂರು ತಿಂಗಳ ಹಳೇದು, ಅಷ್ಟ್ರಲ್ಲಿ ಅಂಚಿನ ಎಲುಬು ಕರಗಿತ್ತು, ನಾನೂ ತಾರೀಖು ನೋಡಿರ್ಲಿಲ್ಲ. ಪೇಷಂಟಿಗೆ ಎರಡನೇ ಸಲ ಆಪರೇಷನ್ ಆಯ್ತು. ಅದಕ್ಕೇ ಹೇಳೋದು, ಮಾವಂದು ಹೊಸ ಸಿಟಿ ಮಾಡಿಸಿ, ಫಂಗಸ್ ಪೂರ್ತಿ ಹೋಗೈತಾ ಅಂತ ಮೊದ್ಲು ಖಾತ್ರಿ ಮಾಡ್ಕೊಳ್ಳಿ, ಇಂಪ್ಲಾಂಟ್ ಡಬ್ಬಿ ಮೇಲಿನ ಲಾಟ್ ನಂಬರ್ ಸ್ಟಿಕ್ಕರ್ ನಿಮ್ ಫೈಲಿಗೂ ಒಂದು ಅಂಟಿಸ್ಕೊಳ್ಳಿ.

ಫಿಸಿಯೋ_ರಾಯಚೂರು:

ಡಿಸೈನರ್ ಸರ್ ಭಾರಿ ಬರದೀರಿ. ತಮ್ಮಗ ಒಂದ್ ಹೇಳ್ತೀನಿ. ಸ್ವಂತ ಟೆಂಡನ್ ಹಾಕಿದ್ರೂ ಅದು ಒಳಗ ಹೋದಮ್ಯಾಲ ಮೊದಲ ಸಾಯ್ತದ, ಆಮ್ಯಾಲ ರಕ್ತನಾಳ ಹಬ್ಬಿ ಜೀವ ಹಿಡೀತದ. ಎರಡನೇ ತಿಂಗಳ ಹೊತ್ತಿಗೆ ಬಾವು ಇರಂಗಿಲ್ಲ, ನೋವಿರಂಗಿಲ್ಲ, ಹುಡುಗ್ರಿಗೆ ಆರಾಮ ಅನಸ್ತದ, ಆದ್ರ ಒಳಗ ಗ್ರಾಫ್ಟ್, ಅಂದ್ರ ಕೂಡ್ಸಿದ ಟೆಂಡನ್, ಅದರ ಬಲ ಬಹಳ ಕಮ್ಮಿ ಇರೂದು ಅವಾಗ. ನನ್ನ ಹತ್ರ ಬಂದ ಒಬ್ಬಾಂವ ಬರೇ ಎತ್ತಿನ ಗಾಡಿಯಿಂದ ಜಿಗದು ಹರಕೊಂಡ. 9 ತಿಂಗಳ ಮುಗಿಯೂತನ ಕಬಡ್ಡಿ ಅಂಗಳದ ಕಡೆ ಬಿಡಬ್ಯಾಡ್ರಿ.

ಮಗ್ಗದಮನಿ_ಭಾಗ್ಯನಗರ:

ಎಲ್ಲಾರಿಗೂ ಥ್ಯಾಂಕ್ಸ್‌ರಿ. ಹೊಕ್ಕಿಲ್ಲದ ಹಾಸು ಅಂದದ್ದ ತಡ ಅಪ್ಪ ಒಂದ್ ತಾಸು ಸುಮ್ಕ ಕುಂತ್ರು, ಆಮ್ಯಾಲೆ ತೊಡೀದ ಹಾಕ್ರಿ ಅಂದ್ರು. ಬರೂ ವಾರ ಆಪರೇಷನ್. ಈಗ ಹೊಸಾದು ಸುರು ಮಾಡ್ಯಾರ, ಆ ನಾಕು ಮಡಿಕಿ ಬಿಚ್ಚಬಾರದಂತ ತುದಿಗೆ ಹೊಲೀತಾರೋ ಹೆಂಗ, ಹೊಲದ್ರ ಯಾವ ದಾರ ಅಂತ.

ಫಿಸಿಯೋ_ರಾಯಚೂರು:

ಹೊಲೀತಾರ್ರಿ. ಹೆಣದ ದಾರ, ಬಹಳ ಸಲ ಪಾಲಿಸ್ಟರ್ರೇ ಇರ್ತದ 😀