“ಧಾರವಾಡಕ್ಕ ಕಳಸಬೇಕು” ಎಂಬ ಮಾತು

ಕಳೆದ ವಾರ ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡಿಗರ ಗುಂಪಿನಲ್ಲಿ ತಾಯಿಯೊಬ್ಬರು, ಹದಿಮೂರರ ಮಗನನ್ನು ಮನೋವೈದ್ಯರಿಗೆ ತೋರಿಸಬೇಕೋ ಬೇಡವೋ ಎಂದು ಕೇಳಿದರು. “ಈ ವಯಸ್ಸಿನಲ್ಲಿ ಹೀಗೆಲ್ಲ ಇದ್ದದ್ದೇ”, “ಒಮ್ಮೆ ಮಾತ್ರೆ ಹಿಡಿದರೆ ಬಿಡುವ ಹಾಗಿಲ್ಲ”, “ದಾಖಲೆಯಲ್ಲಿ ಉಳಿದರೆ ಮುಂದೆ ಓದಿಗೆ ಅಡ್ಡಿ” ಎಂಬ ಉತ್ತರಗಳೇ ಹೆಚ್ಚಾಗಿ ಬಂದವು. ಮೂರು ವರ್ಷಗಳ ಹಿಂದೆ ನಾನೂ ಇವನ್ನೇ ಹೇಳುತ್ತಿದ್ದೆನಾದ್ದರಿಂದ, ಯಾರನ್ನೂ ದೂರದೆ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ.

ನಾನು ಧಾರವಾಡದ ಮಾಳಮಡ್ಡಿಯವಳು. ನಮ್ಮೂರ ಬೆಳಗಾವಿ ರಸ್ತೆಯ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು; ಇಂದು ಅದು ಡಿಮ್ಹಾನ್ಸ್ ಎಂಬ ಬೋಧನಾ ಸಂಸ್ಥೆ. ಆದರೆ ಗದಗ, ಹಾವೇರಿಗಳ ನಮ್ಮ ಬಂಧುಗಳ ಬಾಯಲ್ಲಿ ಅದು ಇಂದಿಗೂ ಹುಚ್ಚರ ದವಾಖಾನಿಯೇ, ಮತ್ತು ಯಾರಾದರೂ ತುಸು ವಿಚಿತ್ರವಾಗಿ ನಡೆದುಕೊಂಡರೆ “ಇವನ್ನ ಧಾರವಾಡಕ್ಕ ಕಳಸಬೇಕು” ಎನ್ನುವುದು ರೂಢಿ. ನಾನು ಆ ಮಾತನ್ನು ಇಂಗ್ಲೆಂಡಿಗೂ ತಂದೆ, ಮಕ್ಕಳ ಎದುರಿಗೇ ನಗುತ್ತ ಆಡಿದೆ.

ಮಗಳಿಗೆ ಹದಿನಾಲ್ಕು ತುಂಬಿದ ವರ್ಷ, ಸೋಮವಾರ ಬೆಳಗಾದರೆ ಹೊಟ್ಟೆನೋವು ಶುರುವಾಗುತ್ತಿತ್ತು. ಅಜವಾನದ ನೀರು ಕುಡಿಸಿದೆ, ಉಪ್ಪು ಸಾಸಿವೆ ಇಳಿಸಿ ದೃಷ್ಟಿ ತೆಗೆದೆ, ಗದರಿಸಿದೆ. ಒಂದು ದಿನ ಅವಳು ಒಂದೇ ಬೂಟು ಹಾಕಿಕೊಂಡು, ಇನ್ನೊಂದರ ಲಾಡಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ, ಮೆಟ್ಟಿಲ ಮೇಲೆ ಅರ್ಧ ಗಂಟೆ ಕುಳಿತಿದ್ದಳು. ನಾನು ಪಕ್ಕದಲ್ಲಿ ಕುಳಿತಾಗ ಕೇಳಿದಳು: “ಖರೇ ಹೇಳಿದ್ರ ನನ್ನ ಧಾರವಾಡಕ್ಕ ಕಳಸ್ತೀಯೇನಮ್ಮಾ?” ಅವಳು ಎಂಟು ತಿಂಗಳು ಬಾಯಿ ಬಿಡದಿದ್ದುದಕ್ಕೆ ಕಾರಣ ನನಗೆ ಅಂದು ತಿಳಿಯಿತು.

ನಮ್ಮ ಜಿಪಿ, ಅಂದರೆ ಇಲ್ಲಿನ ಕುಟುಂಬ ವೈದ್ಯರು, ಅದನ್ನು ಆತಂಕದ ಕಾಯಿಲೆ ಎಂದರು. ಹೊಟ್ಟೆನೋವು ನಾಟಕವಲ್ಲ, ಭಯ ಹೊಕ್ಕಾಗ ಕರುಳು ನಿಜವಾಗಿಯೂ ಹಿಂಡುತ್ತದೆ. ತಜ್ಞರ ಸರದಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಕೊನೆಗೆ ಅವಳಿಗೆ ದೊರೆತದ್ದು ಮಾತ್ರೆಯಲ್ಲ, ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಸುಮ್ಮನೆ ಸಮಾಧಾನ ಹೇಳಿ ಕಳಿಸುವುದು ಅದಲ್ಲ: ಮೊದಲ ವಾರ ಶಾಲೆಯ ಗೇಟಿನವರೆಗೆ, ಮುಂದಿನ ವಾರ ಒಂದು ಪಾಠ ಮುಗಿಯುವವರೆಗೆ ಎಂದು ಹೆದರಿಕೆಯನ್ನು ಹಂತಹಂತವಾಗಿ ಎದುರಿಸುವ ಅಭ್ಯಾಸ ಅದು, ಪ್ರತಿ ವಾರ ಮನೆಗೆಲಸವೂ ಇರುತ್ತಿತ್ತು. ದಾಖಲೆಯ ಭಯ ಇರುವವರಿಗೆ ಒಂದು ಮಾತು: ಇಲ್ಲಿನ 2010ರ ಸಮಾನತಾ ಕಾಯ್ದೆ ದೀರ್ಘಕಾಲದ ಮಾನಸಿಕ ತೊಂದರೆಗೂ ರಕ್ಷಣೆ ಕೊಡುತ್ತದೆ, ಶಾಲೆಗೆ ತಿಳಿಸಿದ್ದರಿಂದ ಮಗಳಿಗೆ ಅನುಕೂಲವೇ ಆಯಿತು.

ಮಾತ್ರೆಯ ವಿಷಯ ನಾನು ಕಲಿತದ್ದು ನನ್ನ ತಾಯಿಯಿಂದ. ಅಪ್ಪ ತೀರಿಕೊಂಡ ಮೇಲೆ ಅವರಿಗೆ ಖಿನ್ನತೆ ಬಂತು. ಊಟ, ನಿದ್ದೆ ಎರಡೂ ಹೋದವು. ಧಾರವಾಡದಲ್ಲಿಯೇ ಚಿಕಿತ್ಸೆ ಆರಂಭವಾಯಿತು. ಹುಬ್ಬಳ್ಳಿಯ ಅತ್ತೆ “ಗುಳಿಗಿ ಚಟ ಹತ್ತತಾವ” ಎಂದು ಹೆದರಿಸಿದರು. ಚಟ ಹತ್ತಿಸುವ ಗುಣವಿರುವುದು ಕೆಲವು ನಿದ್ರೆ ಮಾತ್ರೆ, ಆತಂಕದ ಮಾತ್ರೆಗಳಿಗೆ. ಖಿನ್ನತೆಯ ಮಾತ್ರೆಗಳು ಹಾಗಲ್ಲ, ಆದರೆ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಸಿವಿಸಿ ಬರಬಹುದಾದ್ದರಿಂದ ನಿಧಾನವಾಗಿ ಇಳಿಸಬೇಕು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ನಮ್ಮವರು ಬಹುತೇಕ ಆ ಮೊದಲೇ “ನಾಟಲಿಲ್ಲ” ಎಂದು ಬಿಟ್ಟುಬಿಡುತ್ತಾರೆ. ಅಮ್ಮ ಅದನ್ನು ದಾಟಿದರು, ಆದರೆ ಮೂರನೆಯ ತಿಂಗಳು “ಆರಾಮಾಗೇದ” ಎಂದು ತಾವೇ ಮಾತ್ರೆ ಬಿಟ್ಟು ಮತ್ತೆ ಹಾಸಿಗೆ ಹಿಡಿದರು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕೆಂದು ವೈದ್ಯರು ಆಗ ಬಿಡಿಸಿ ಹೇಳಿದರು. ಸಿದ್ಧಾರೂಢ ಮಠಕ್ಕೆ ಹೋಗುವುದನ್ನು ಅವರು ಬೇಡವೆನ್ನಲಿಲ್ಲ. ಮಠಕ್ಕೂ ಹೋಗಿ, ಮಾತ್ರೆಯನ್ನೂ ನುಂಗಿರಿ ಎಂದರು.

ಮಿದುಳಿಗೆ ಕರೆಂಟ್ ಕೊಡುತ್ತಾರೆ (ಇಸಿಟಿ ಚಿಕಿತ್ಸೆ) ಎಂಬ ಭಯವೂ ಗುಂಪಿನಲ್ಲಿ ಕೇಳಿಬಂತು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಅದನ್ನು ಕೊಡುವುದನ್ನು ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ತೀವ್ರ ಖಿನ್ನತೆಯಲ್ಲಿ ಅದು ಜೀವ ಉಳಿಸುವ ಚಿಕಿತ್ಸೆ.

ಎಲ್ಲಕ್ಕಿಂತ ಅಪಾಯದ ತಪ್ಪು ತಿಳಿವಳಿಕೆ ಇನ್ನೊಂದಿದೆ: ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ಮಗುವಿನ ತಲೆಗೆ ನಾವೇ ಅದನ್ನು ತುಂಬಿದಂತೆ ಎಂಬುದು. ಹಾಗಲ್ಲ. ನೇರವಾಗಿ, ಮೆತ್ತಗೆ ಕೇಳಿದರೆ ಮಕ್ಕಳ ಎದೆ ಹಗುರಾಗುತ್ತದೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಇಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಕರೆ ಮಾಡಿ ಮಾನಸಿಕ ಆರೋಗ್ಯದ ಆಯ್ಕೆ ಒತ್ತಿ. ಜೀವಕ್ಕೆ ಕೂಡಲೇ ಅಪಾಯವಿದ್ದರೆ ತುರ್ತು ಸಂಖ್ಯೆ 999. ಊರಿನಲ್ಲಿರುವ ತಂದೆತಾಯಿಗಳಿಗೆ 2022ರಲ್ಲಿ ಆರಂಭವಾದ ಭಾರತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲಿಯೇ ದೊರೆಯುತ್ತದೆ.

ಹೋದ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅಮ್ಮ ಮಗಳನ್ನು ಆಟೋದಲ್ಲಿ ಕೂರಿಸಿಕೊಂಡು ಬೆಳಗಾವಿ ರಸ್ತೆಗೆ ಹೊರಟರು. ಆಸ್ಪತ್ರೆಯ ಗೇಟಿನಲ್ಲಿ ಇಳಿದು, ಚೀಟಿ ಇಟ್ಟಿದ್ದ ಕೈಚೀಲವನ್ನು ಅವಳ ಕೈಗೆ ಕೊಟ್ಟು, “ನಾ ಇಲ್ಲೇ ತೋರಿಸ್ಕೋತೀನಿ, ಬಾ, ಪಾಳಿ ಹಚ್ಚೂಣು” ಎಂದರಂತೆ.