ಬೈಕ್ ಸಾಲ ತೀರಿದೆ, ಎನ್‌ಒಸಿ ಕೈಯಲ್ಲಿದೆ, ಆದರೂ ಕ್ರೆಡಿಟ್ ರಿಪೋರ್ಟ್‌ನಲ್ಲಿ ಬಾಕಿ!

ಹಾಸನದಿಂದ ಪ್ರಶ್ನೆ:
ನಮ್ಮ ಯಜಮಾನರ ಹೆಸರಲ್ಲಿ ಒಂದು ಬೈಕ್ ಸಾಲ ಇತ್ತು. 2022ರಲ್ಲೇ ಕೊನೇ ಕಂತು ಕಟ್ಟಿ, ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನೋ ಪತ್ರ) ತಗೊಂಡು, ಆರ್‌ಟಿಒದಲ್ಲಿ ಎಚ್‌ಪಿ (ಆರ್‌ಸಿಯಲ್ಲಿರೋ ಸಾಲದ ನಮೂದು) ಕ್ಯಾನ್ಸಲ್ ಕೂಡ ಮಾಡಿಸಿದ್ದೇವೆ. ಈಗ ಮನೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಅರ್ಜಿ ವಾಪಸ್ ಕೊಟ್ಟರು. ಬೈಕ್ ಸಾಲ ಇನ್ನೂ ಚಾಲ್ತಿಯಲ್ಲಿದೆಯಂತೆ, 1,180 ರೂಪಾಯಿ ಬಾಕಿಯಂತೆ. ಕ್ರೆಡಿಟ್ ಸ್ಕೋರ್ 640. ಫೈನಾನ್ಸ್ ಆಫೀಸಿನಲ್ಲಿ ಕೇಳಿದರೆ "ಯಾವುದೋ ಕಂತು ಬೌನ್ಸ್ ಆಗಿದ್ದರ ಚಾರ್ಜು ಇರಬೇಕು ಮೇಡಂ, ಕಟ್ಟಿಬಿಡಿ" ಅಂತಾರೆ. ಎನ್‌ಒಸಿ ಕೊಟ್ಟ ಮೇಲೂ ಕಟ್ಟಬೇಕಾ? ಒಬ್ಬ ಏಜೆಂಟ್ ಬೇರೆ, 8,000 ಕೊಟ್ಟರೆ ಸ್ಕೋರ್ ಏರಿಸಿಕೊಡ್ತೀನಿ ಅಂತಿದ್ದಾನೆ.

ಉತ್ತರ 1:
ಸಾವಿರ ಚಿಲ್ಲರೆ ತಾನೆ, ಕಟ್ಟಿ ಮುಗಿಸಿ. ಮನೆ ಸಾಲ ಮುಖ್ಯ ಅಲ್ವಾ?

ಉತ್ತರ 2 (ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿದ್ದೇನೆ):
ಅಕ್ಕಾ, ದಯವಿಟ್ಟು ಈಗಲೇ ಕಟ್ಟಬೇಡಿ. ರಿಪೋರ್ಟ್‌ನಲ್ಲಿ ಆ ಸಾಲದ ಕೆಳಗೆ ತಿಂಗಳಿಗೊಂದು ಚಿಕ್ಕ ಚೌಕ ಇರುತ್ತೆ, ನೋಡಿ. 000 ಇದ್ದರೆ ಸರಿಯಾಗಿ ಕಟ್ಟಿದ್ದೀರಿ ಅಂತ. 030, 090 ಇದ್ದರೆ ಅಷ್ಟು ದಿನ ತಡ ಅಂತ. ಈಗ ಹಣ ಕಟ್ಟಿದರೆ ಬಾಕಿ ಸೊನ್ನೆ ಆಗುತ್ತೆ, ಆದರೆ ಆ ತಡದ ಚೌಕಗಳು ಹಾಗೇ ಉಳಿಯುತ್ತವೆ. ಸ್ಕೋರ್ ಕೆಡಿಸಿರೋದು ಅವೇ. ನಿಮಗೆ ಬೇಕಾಗಿರೋದು 2022ರ ತಾರೀಖಿಗೇ ಸಾಲ ಮುಗಿದಿದೆ ಅನ್ನೋ ತಿದ್ದುಪಡಿ.

ಕ್ರೆಡಿಟ್ ಬ್ಯೂರೋ, ಅಂದರೆ ಈ ರಿಪೋರ್ಟ್ ತಯಾರಿಸುವ ಸಿಬಿಲ್‌ನಂಥ ಕಂಪನಿ, ತಾನಾಗಿ ಏನನ್ನೂ ತಿದ್ದುವುದಿಲ್ಲ, ಸಾಲ ಕೊಟ್ಟವರು ಒಪ್ಪಬೇಕು. ಅದಕ್ಕೇ ಎರಡೂ ಕಡೆ ಬರೆಯಿರಿ. ಬ್ಯೂರೋ ವೆಬ್‌ಸೈಟ್‌ನಲ್ಲಿ ಡಿಸ್ಪ್ಯೂಟ್ (ಮಾಹಿತಿ ತಪ್ಪಿದೆ ಅನ್ನೋ ತಕರಾರು) ಹಾಕಿ, ಅದಕ್ಕೆ ದುಡ್ಡಿಲ್ಲ. ಫೈನಾನ್ಸ್ ಕಂಪನಿಗೆ ಎನ್‌ಒಸಿ, ಕೊನೇ ಸ್ಟೇಟ್‌ಮೆಂಟ್ ಸೇರಿಸಿ ಇಮೇಲ್ ಮಾಡಿ. ಬಾಯಿಮಾತಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ದೂರು 30 ದಿನದೊಳಗೆ ಬಗೆಹರಿಯದಿದ್ದರೆ ಆಮೇಲೆ ಅವರು ನಿಮಗೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಇದು ಆರ್‌ಬಿಐ ನಿಯಮ, 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಈ ನಿಯಮವನ್ನು ಇಮೇಲ್‌ನಲ್ಲೇ ಬರೆಯಿರಿ. ಆಮೇಲೂ ಸುಮ್ನಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್ (ಗ್ರಾಹಕರ ದೂರು ಕೇಳುವ ಅಧಿಕಾರಿ) ಹತ್ತಿರ ಹೋಗಿ. ಬ್ಯೂರೋ ಮೇಲೂ ಅಲ್ಲಿ ದೂರು ಕೊಡಬಹುದು.

ಇನ್ನೊಂದು ವಿಷಯ. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಕೂಡ ಇವೆ. ನಾಲ್ಕೂ ಕಡೆ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತ. ಎಲ್ಲದರಲ್ಲೂ ನೋಡಿ, ಒಂದು ಕಡೆ ಸರಿಯಾಗಿ ಇನ್ನೊಂದು ಕಡೆ ಹಾಗೇ ಉಳಿದಿರೋದನ್ನ ನಮ್ಮ ಕೌಂಟರ್‌ನಲ್ಲೇ ಕಂಡಿದ್ದೇನೆ. ಏಜೆಂಟ್‌ಗೆ ಒಂದು ರೂಪಾಯಿಯೂ ಕೊಡಬೇಡಿ. ಪ್ಯಾನ್, ಓಟಿಪಿ ಅಂತೂ ಕೊಡಲೇಬೇಡಿ.

ಹಾಸನದಿಂದ:
ತುಂಬಾ ಥ್ಯಾಂಕ್ಸ್ ಅಣ್ಣಾ. ನಾವೇ ಪದೇ ಪದೇ ರಿಪೋರ್ಟ್ ತೆಗೆದು ನೋಡಿದರೆ ಸ್ಕೋರ್ ಇಳಿಯುತ್ತಾ?

ಉತ್ತರ 2:
ಇಲ್ಲ. ನಮ್ಮದನ್ನು ನಾವು ನೋಡಿಕೊಂಡರೆ ಏನೂ ಆಗಲ್ಲ. ಬ್ಯಾಂಕಿನವರು ಸಾಲದ ಅರ್ಜಿಗೆ ಅಂತ ತೆಗೆದರೆ ಮಾತ್ರ ಅದು ಎನ್‌ಕ್ವೈರಿ ಅಂತ ದಾಖಲಾಗುತ್ತೆ, ಜಾಸ್ತಿ ಆದರೆ ಸ್ಕೋರ್‌ಗೂ ಪೆಟ್ಟು. ಹಾಗಾಗಿ ತಿದ್ದುಪಡಿ ಆಗುವವರೆಗೆ ಬೇರೆ ಬ್ಯಾಂಕಿಗೆ ಅರ್ಜಿ ಹಾಕಬೇಡಿ.